ಮಳೆ ನಿಂತರೆ ಸಾಕು ಅಂದವರು

ಹವ್ಯಾಸದ ಸಾಮಾನು ಕೊಳ್ಳುವುದನ್ನು ನಿಲ್ಲಿಸಲಾಗದವರು ಈ ವರ್ಷ ಸಲಹೆಗೆ ನನ್ನ ಹತ್ತಿರ ಬಂದಿದ್ದು ಇದು ಮೂರನೇ ಸಲ. ಒಬ್ಬರಿಗೆ ಕ್ಯಾಮೆರಾ ಲೆನ್ಸ್, ಇನ್ನೊಬ್ಬರಿಗೆ ಬೈಕ್, ಇವರಿಗೆ ಆಡಿಯೋ. ಗುರುತು ಬದಲಾಯಿಸಿ, ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರು, ವಯಸ್ಸು 54. ಕುಡಿತ ಇಲ್ಲ, ಇಸ್ಪೀಟ್ ಇಲ್ಲ. ಮೊದಲು ಆಂಪ್ಲಿಫೈಯರ್ ಬಂತು. ಅದಕ್ಕೆ ಹಳೇ ಸ್ಪೀಕರ್ ಸಾಲದು ಅನ್ನಿಸಿತು. ಸ್ಪೀಕರ್ ಬಂದ ಮೇಲೆ ಡ್ಯಾಕ್ (ಡಿಜಿಟಲ್ ಹಾಡನ್ನು ಆಂಪ್ಲಿಫೈಯರ್‌ಗೆ ಹೊಂದುವ ಹಾಗೆ ಬದಲಾಯಿಸುವ ಪೆಟ್ಟಿಗೆ), ಆಮೇಲೆ ರೆಕಾರ್ಡ್ ಹಾಕುವ ಟರ್ನ್‌ಟೇಬಲ್, ಆಮೇಲೆ ಕೇಬಲ್. ಕೇಬಲ್‌ಗೆ ಕೊಟ್ಟ ದುಡ್ಡನ್ನು ಮನೆ ಲೆಕ್ಕದಲ್ಲಿ ಮೈಲುತುತ್ತ ಅಂತ ಬರೆದಿದ್ದರು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ನಮ್ಮ ತೋಟಕ್ಕೆ ಇಷ್ಟೊಂದು ಮೈಲುತುತ್ತ ಬೇಕಾ ಅಂತ ಅವರ ಹೆಂಡತಿ ಕೂತು ಲೆಕ್ಕ ಹಾಕಿದ ದಿನ ಜಗಳ ಶುರುವಾಗಿದ್ದು.

ಮೊದಲ ಎರಡು ಭೇಟಿಯಲ್ಲಿ ಏನೂ ಆಗಲಿಲ್ಲ. ಮೂರನೇ ಭೇಟಿ ಪುನರ್ವಸು ಮಳೆಯಲ್ಲಿ. ಶಿವಮೊಗ್ಗದಲ್ಲಿರುವ ನನ್ನ ಕೋಣೆಗೆ ತಗಡಿನ ಮಾಡು, ಮಳೆ ಬಂದರೆ ಮಾತು ಕೇಳಿಸಲ್ಲ. ಅವರು ಮಾತು ನಿಲ್ಲಿಸಿ ಮೇಲೆ ನೋಡಿದರು. "ಇದು ಯಾವಾಗ ನಿಲ್ಲುತ್ತೋ ಮೇಡಂ. ಮಳೆ ಶುರುವಾದರೆ ನನ್ನ ಸಿಸ್ಟಮ್ ಸತ್ತ ಹಾಗೆ" ಅಂದರು.

ಮಲೆನಾಡಿನಲ್ಲಿ ಹುಟ್ಟಿ ಬೆಳೆದವರು ಮಳೆ ಸದ್ದಿಗೆ ಹೀಗೆ ಹಲ್ಲು ಕಚ್ಚಿದ್ದು ನಾನು ನೋಡಿರಲಿಲ್ಲ. ಯಾಕೆ ಅಂತ ಕೇಳಿದೆ. ಒಳ್ಳೆ ಸಿಸ್ಟಮ್‌ನಲ್ಲಿ ಸ್ವರಕ್ಕಿಂತ ಸ್ವರದ ಹಿಂದಿನ ಮೌನ ಮುಖ್ಯ, ಅದು ಕಪ್ಪಗಿರಬೇಕು, ತಂಬೂರಿ ತಂತಿ ಸಣ್ಣಗಾಗಿ ಕರಗುವುದೂ ಕೇಳಬೇಕು, ಹೆಂಚಿನ ಮೇಲೆ ಮಳೆ ಬಿದ್ದರೆ ಅದೆಲ್ಲ ಮುಚ್ಚಿಹೋಗುತ್ತೆ ಅಂತ ವಿವರಿಸಿದರು. ಅಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಮನುಷ್ಯ ತಮ್ಮ ಮನೆಯಲ್ಲೇ ಸಿಟ್ಟಲ್ಲಿ ಕೂತಿರುತ್ತಾರೆ.

"ಈಚೆಗೆ ಕೊನೇವರೆಗೂ ಕೇಳಿದ ರೆಕಾರ್ಡ್ ಯಾವುದು?"

ಬೆರಳು ಮಡಚಲು ಹೋಗಿ ಸುಮ್ಮನಾದರು. ಮಲ್ಲಿಕಾರ್ಜುನ ಮನ್ಸೂರರ ಒಂದು ಎಲ್‌ಪಿ ಇದೆಯಂತೆ. ಮೊದಲ ಎರಡು ನಿಮಿಷ ಕೇಳುವುದು, ಎದ್ದು ಏನೋ ಒಂದು ಬದಲಾಯಿಸುವುದು, ಮತ್ತೆ ಅದೇ ಎರಡು ನಿಮಿಷ. "ಮುಂದೆ ಏನು ಹಾಡಿದ್ದಾರೆ ಅನ್ನೋದೇ ಮರೆತುಹೋಗಿದೆ ಮೇಡಂ" ಅಂದಾಗ ಗಂಟಲು ಕಟ್ಟಿತ್ತು.

ಎಲ್ಲಾ ಮಾರಿಸಿಬಿಡಿ ಅಂತ ಹೆಂಡತಿ ಕೇಳಿಕೊಂಡಿದ್ದರು. ನಾನು ಬೇಡ ಅಂದೆ. ಮೆದುವಾದೆ ಅಂತ ಪರಿಚಯದ ಇಬ್ಬರು ಅಂದರು. ಆದರೆ ಈ ಚಕ್ರದಲ್ಲಿ ಮಾರುವುದೂ ಒಂದು ಹಲ್ಲು, ಹಳೇದು ಮಾರಿದ ದುಡ್ಡೇ ಹೊಸದಕ್ಕೆ ಬಂಡವಾಳ. ಮಗ ಬೇರೆ ದಾರಿ ಹೇಳಿದ: ಗೊತ್ತಾಗದ ಹಾಗೆ ಕೇಬಲ್ ಬದಲಾಯಿಸಿ, ವಾಲ್ಯೂಮ್ ಸಮ ಇಟ್ಟು, ಅಪ್ಪನಿಗೆ ವ್ಯತ್ಯಾಸ ತಿಳಿಯಲ್ಲ ಅಂತ ತೋರಿಸೋಣ ಅಂತ. ವಾಲ್ಯೂಮ್ ಸ್ವಲ್ಪ ಜಾಸ್ತಿ ಇದ್ದದ್ದೇ ಚೆನ್ನಾಗಿ ಕೇಳಿಸುತ್ತೆ, ವಯಸ್ಸಾದ ಹಾಗೆ ಕಿವಿಗೆ ಮೇಲಿನ ಸ್ವರಗಳು ಕಡಿಮೆಯಾಗುತ್ತವೆ, ಹುಡುಗ ಹೇಳಿದ್ದು ಸರಿಯೇ. ಆದರೂ ನಾನು ಒಪ್ಪಲಿಲ್ಲ. ಕೇಬಲ್‌ನಲ್ಲಿ ಸೋತರೆ ಸ್ಪೀಕರ್ ಸ್ಟ್ಯಾಂಡ್‌ಗೆ ಹೋಗುತ್ತಾರೆ. ಮನೆಯವರ ಮುಂದೆ ಮುಖ ಕಳೆದುಕೊಂಡವರು ಇನ್ನಷ್ಟು ಬಚ್ಚಿಡುತ್ತಾರೆ.

ನಾನು ಗಟ್ಟಿಯಾಗಿ ಹೇಳಿದ್ದು ಮೈಲುತುತ್ತದ ವಿಷಯ. ಆ ಲೆಕ್ಕ ತಿದ್ದಿ ಹೆಂಡತಿ ಕೈಗೆ ಕೊಡಿ, ಅದಾಗದೆ ಮುಂದಿನ ಮಾತಿಲ್ಲ ಅಂದೆ. ಕೊಟ್ಟರು. ಆಮೇಲಿನ ಸಲಹೆ ಇಷ್ಟೇ. ದೀಪಾವಳಿವರೆಗೆ ಕೊಳ್ಳುವುದೂ ಇಲ್ಲ, ಮಾರುವುದೂ ಇಲ್ಲ. ದಿನಕ್ಕೆ ಎಲ್‌ಪಿಯ ಒಂದು ಬದಿ, ಸುಮಾರು 20 ನಿಮಿಷ, ಮಧ್ಯೆ ಏಳದೆ. ಸ್ಪೀಕರ್ ಎದುರು ಒಂದೇ ಕುರ್ಚಿ ಇತ್ತು, ಹೆಂಡತಿಗೂ ಸೇರಿ ಎರಡಾಗಲಿ. ರೆಡ್ ಆಕ್ಸೈಡ್ ನೆಲಕ್ಕೆ ಜಮಖಾನ ಹಾಸಿ ಅಂತಲೂ ಹೇಳಿದೆ, ಬರೀ ನೆಲ, ಬರೀ ಗೋಡೆಗೆ ಸದ್ದು ಬಡಿದು ಕಲಸಿಹೋಗುತ್ತೆ. ಅವರಿಗೆ ಇದು ನನಗಿಂತ ಚೆನ್ನಾಗಿ ಗೊತ್ತಿತ್ತು. "ಗೊತ್ತು ಮೇಡಂ. ಆದ್ರೆ ಜಮಖಾನ ಮನೆಯಲ್ಲೇ ಇದೆಯಲ್ಲ, ಪಾರ್ಸೆಲ್ ಬರಲ್ಲ" ಅಂದರು. ಎಷ್ಟೋ ಮಂದಿಗೆ ವರ್ಷಗಟ್ಟಲೆ ಬಾಯಿಗೆ ಬರದ ಮಾತು ಅದು.

ನವರಾತ್ರಿ ಹೊತ್ತಿಗೆ ಫೋನ್ ಮಾಡಿದರು. ಟರ್ನ್‌ಟೇಬಲ್ ಮುಳ್ಳು ಸವೆದಿದೆ, ಹಾಗೇ ಬಿಟ್ಟರೆ ರೆಕಾರ್ಡ್ ಹಾಳಾಗುತ್ತೆ, ಹೊಸ ಮುಳ್ಳು ತರಿಸಿದರೆ ಅದೂ ಖರೀದಿ ಲೆಕ್ಕವಾ ಅಂತ ಕೇಳಿದರು. ನನ್ನನ್ನು ಕೇಳಬೇಡಿ, ಪಕ್ಕದ ಕುರ್ಚಿಯವರನ್ನು ಕೇಳಿ ಅಂದೆ. ಕೇಳಿದ್ದಾರೆ. ಎಷ್ಟಾಗುತ್ತೆ ಅಂತ ವಿಚಾರಿಸಿ, ಹೆಂಡತಿಯೇ ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡರಂತೆ: "ಮುಳ್ಳು" ಅಂತಲೇ.