ಸಂಗೀತ ನುಡಿಸಿ ಚೇತನಗಳನ್ನು ಕರೆಯುವ ‘ಪಾಲಿಫೋನಿಕಾ’ ಅಂದರೆ ಏನು? ಇದು ಗೇಮೋ, ಅನಿಮೆಯೋ?

ಎರಡೂ ಹೌದು. ಪೂರ್ತಿ ಹೆಸರು ‘ಶಿನ್‌ಕ್ಯೋಕು ಸೋಕೈ ಪಾಲಿಫೋನಿಕಾ’. ಜಪಾನಿನ ಓಸೆಲಾಟ್ ಕಂಪನಿ 2006ರಲ್ಲಿ ಇದನ್ನು ವಿಷುವಲ್ ನಾವೆಲ್ ಆಗಿ ಶುರು ಮಾಡಿತು. ಗೇಮ್ ಅಂದರೂ ಇದರಲ್ಲಿ ನೀವು ಏನನ್ನೂ ಆರಿಸಬೇಕಿಲ್ಲ. ಚಿತ್ರ, ದನಿ, ಸಂಗೀತದ ಜೊತೆ ಸುಮ್ನೆ ಓದುತ್ತಾ ಹೋಗಬೇಕು. ಲೈಟ್ ನಾವೆಲ್‌ಗಳೂ (ಹದಿಹರೆಯದವರಿಗಾಗಿ ಬರೆಯುವ ಸಚಿತ್ರ ಕಾದಂಬರಿಗಳು) ಬಂದವು, 2007ರಲ್ಲಿ ಅನಿಮೆಯೂ ಬಂತು.

ಈ ಲೋಕದಲ್ಲಿ ಮನುಷ್ಯರ ನಡುವೆಯೇ ಚೇತನಗಳು ಬದುಕುತ್ತವೆ. ದೆವ್ವಗಳಲ್ಲ, ಅವಕ್ಕೆ ಸಂಗೀತವೇ ಊಟ. ಅವುಗಳಿಗಾಗಿ ನುಡಿಸುವವರು ಡಾಂಟಿಸ್ಟ್‌ಗಳು. ಅವರ ವಾದ್ಯ ನೋಡಬೇಕು! ಬೆನ್ನಿಗೆ ಹೊತ್ತ ಪೆಟ್ಟಿಗೆ ಬಿಚ್ಚಿಕೊಂಡು ಕೀಬೋರ್ಡು, ಸ್ಪೀಕರು ಎಲ್ಲಾ ಸುತ್ತ ಹರಡಿಕೊಳ್ಳುತ್ತದೆ. ಒಬ್ಬನೇ ಇಡೀ ವಾದ್ಯವೃಂದ.

ನನಗೆ ಜಾಸ್ತಿ ಹಿಡಿಸಿದ್ದು ಒಪ್ಪಂದದ ವಿಷಯ. ಚೇತನ ಒಬ್ಬ ವಾದಕನ ಸಂಗೀತಕ್ಕೆ ತನ್ನನ್ನೇ ಶ್ರುತಿ ಮಾಡಿಕೊಳ್ಳುತ್ತದೆ. ಆಮೇಲೆ ಆ ಸಂಗೀತ ಸಿಗದಿದ್ದರೆ ಹುಚ್ಚೇ ಹಿಡಿಯಬಹುದು. ಹಾಗಾಗಿ ವಾದಕನಾದ ನಾಯಕ ಫೊರಾನ್‌ಗಾಗಿ ಕೆಂಪು ಕೂದಲಿನ ಚೇತನ ಕಾರ್ಟಿ ಹಟ ಹಿಡಿಯುವುದು ಬರೀ ಮುನಿಸಲ್ಲ, ಅದು ಅವಳ ಜೀವದ ಪ್ರಶ್ನೆ.

ಬೇರೆ ಬೇರೆ ಲೇಖಕರು ಇದೇ ಲೋಕದಲ್ಲಿ ಕಥೆ ಬರೆದಿದ್ದಾರೆ. ಕೆಂಪು, ಬಿಳಿ, ಕಪ್ಪು ಹೀಗೆ ಸರಣಿಗೊಂದು ಬಣ್ಣ. ಮೊದಲು ಇಚಿರೋ ಸಕಾಕಿ ಬರೆದ ಕೆಂಪಿನಿಂದಲೇ ಶುರು ಮಾಡಿ.