ಓದುಗರ ಪ್ರಶ್ನೆ: ‘ಅಲ್ಟ್ರಾ’ ಎಂದರೆ ಎಷ್ಟು ದೂರ?

ಪ್ರಶ್ನೆ: ನಮ್ಮೂರಲ್ಲಿ ‘ಅಲ್ಟ್ರಾ ಮ್ಯಾರಥಾನ್ – 5 ಮತ್ತು 10 ಕಿ.ಮೀ.’ ಅಂತ ಭಿತ್ತಿಪತ್ರ ಅಂಟಿಸಿದ್ದಾರೆ. ಕಾಫಿ ತೋಟದೊಳಗೆ 50 ಕಿ.ಮೀ. ಓಡಿ ಬಂದವರೂ ತಮ್ಮದು ಅಲ್ಟ್ರಾ ಅನ್ನುತ್ತಾರೆ. ಯಾವುದು ಸರಿ?
– ಓದುಗರು, ಮೂಡಿಗೆರೆ

ಉತ್ತರ: ತೋಟದಲ್ಲಿ ಓಡಿದವರದ್ದು ಸರಿ. ಮ್ಯಾರಥಾನ್ ಎಂದರೆ 42.195 ಕಿ.ಮೀ. ಅದನ್ನು ದಾಟಿದ ಓಟ ಮಾತ್ರ ಅಲ್ಟ್ರಾ. ರೂಢಿಯಲ್ಲಿ 50 ಕಿ.ಮೀ.ಯಿಂದ ಶುರುವಾಗಿ 80, 100, 161 ಕಿ.ಮೀ. ಹೀಗೆ ಏರುತ್ತದೆ, 80 ಮತ್ತು 161 ಎಂಬ ಅಡ್ಡಾದಿಡ್ಡಿ ಅಂಕಿಗಳು 50 ಮೈಲಿ, 100 ಮೈಲಿ ಲೆಕ್ಕದಿಂದ ಬಂದವು. ನಮ್ಮಲ್ಲಿ ಜಾಗೃತಿ ಓಟಕ್ಕೂ ಮ್ಯಾರಥಾನ್ ಎಂದೇ ಹೆಸರಿಡುವ ಚಾಳಿ ಹಳೆಯದು. ಈಗ ಅದಕ್ಕೆ ಅಲ್ಟ್ರಾ ಸೇರಿದೆ, ಅಷ್ಟೆ.

ದೂರವನ್ನೇ ಗೊತ್ತು ಮಾಡದ ಅಲ್ಟ್ರಾಗಳೂ ಇವೆ. ಕ್ರೀಡಾಂಗಣದ ಟ್ರ್ಯಾಕಿನಲ್ಲಿ 12 ಅಥವಾ 24 ಗಂಟೆ ಸುತ್ತುವುದು, ಹೆಚ್ಚು ದೂರ ಹೋದವರು ಗೆದ್ದಂತೆ. ದಕ್ಷಿಣ ಆಫ್ರಿಕಾದ ಕಾಮ್ರೇಡ್ಸ್ 1921ರಲ್ಲಿ ಶುರುವಾದ ಡಾಂಬರು ರಸ್ತೆಯ ಓಟ. ಸುಮಾರು 90 ಕಿ.ಮೀ., ಗಡುವು 12 ಗಂಟೆ. ಗ್ರೀಸಿನ ಸ್ಪಾರ್ಟಾಥ್ಲಾನ್ 246 ಕಿ.ಮೀ., 36 ಗಂಟೆ. ಆಲ್ಪ್ಸ್‌ನ ಯುಟಿಎಂಬಿ (ಮೌಂಟ್ ಬ್ಲಾಂಕ್ ಪರ್ವತ ಸುತ್ತುವ ಓಟ) ಸುಮಾರು 170 ಕಿ.ಮೀ., ಏರು ಮಾತ್ರ 10,000 ಮೀಟರ್ ಆಸುಪಾಸು. ಹೆಸರು ಒಂದೇ ಆದರೂ ಇವು ಬೇಡುವ ತಯಾರಿ ಬೇರೆ ಬೇರೆ. ಆದ್ದರಿಂದ ಹಣ ಕಟ್ಟುವ ಮೊದಲು ಒಟ್ಟು ಏರು ಎಷ್ಟು, ನೆಲ ಎಂಥದ್ದು, ಗಡುವು ಎಷ್ಟು ಎಂದು ಕೇಳಿ. ಇದಕ್ಕೆ ಉತ್ತರ ಕೊಡದ ಸಂಘಟಕರಿಂದ ದೂರ ಇರುವುದು ಲೇಸು.

ಪ್ರಶ್ನೆ: ಐರನ್‌ಮ್ಯಾನ್ ಕೂಡ ಅಲ್ಟ್ರಾನೇ?
– ಓದುಗರು, ಹಾಸನ

ಉತ್ತರ: ಅಲ್ಲ, ಅದು ಟ್ರಯಥ್ಲಾನ್. 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, ಕೊನೆಗೆ ಒಂದು ಮ್ಯಾರಥಾನ್. ಇದೇ ಜಾತಿಯ ಅಲ್ಟ್ರಾಮ್ಯಾನ್ ಮೂರು ದಿನದ್ದು: 10 ಕಿ.ಮೀ. ಈಜು, 421 ಸೈಕಲ್, 84.3 ಓಟ.

ಪ್ರಶ್ನೆ: ರಸ್ತೆಯಲ್ಲಿ 21 ಕಿ.ಮೀ. ಅನ್ನು 2 ಗಂಟೆ 10 ನಿಮಿಷಕ್ಕೆ ಮುಗಿಸುತ್ತೇನೆ. ಎಸ್ಟೇಟ್ ದಾರಿಯ 50 ಕಿ.ಮೀ. ಓಟಕ್ಕೆ ಸೇರಬೇಕೆಂದಿದ್ದೇನೆ; ಏರು 2,000 ಮೀಟರ್ ಅಂತೆ. ಎಷ್ಟು ಹೊತ್ತು ಬೇಕು? ಎಲ್ಲಿ ಎಡವುತ್ತಾರೆ?
– ಓದುಗರು, ಚಿಕ್ಕಮಗಳೂರು

ಉತ್ತರ: ಮೊದಲು ಲೆಕ್ಕ. ಪ್ರತಿ 100 ಮೀಟರ್ ಏರಿಗೆ ಒಂದು ಕಿ.ಮೀ. ಸೇರಿಸಿ ಎನ್ನುವುದು ಟ್ರೇಲ್ (ಕಾಡು-ಗುಡ್ಡದ ಕಚ್ಚಾ ದಾರಿ) ಓಟಗಾರರ ಸೂತ್ರ. ನಿಮ್ಮ 50 ಹೀಗೆ 70 ಆಯಿತು. ರಸ್ತೆಯಲ್ಲಿ ನಿಮ್ಮದು ಕಿ.ಮೀ.ಗೆ 6 ನಿಮಿಷ ಚಿಲ್ಲರೆ. ಇಲ್ಲಿ 8 ನಿಮಿಷ ಹಿಡಿದರೆ 9 ಗಂಟೆ 20 ನಿಮಿಷ. ಗಡುವು 10 ಗಂಟೆಯಿದ್ದರೆ ದಾರಿ ನಡುವೆ ತಿಂಡಿ-ನೀರು ಕೊಡುವ ಏಡ್ ಸ್ಟೇಷನ್‌ನಲ್ಲಿ ಕೂತು ಹರಟುವಂತಿಲ್ಲ. ಏರಿನಲ್ಲಿ ಮೊದಲಿನಿಂದಲೇ ನಡೆಯಿರಿ, ಅದೇನೂ ಅವಮಾನವಲ್ಲ.

ಹೆಚ್ಚಿನವರನ್ನು ಕೆಡವುವುದು ಹೊಟ್ಟೆ. 25 ಕಿ.ಮೀ.ವರೆಗೆ ಹಸಿವಿಲ್ಲ ಎಂದು ಏನೂ ತಿನ್ನುವುದಿಲ್ಲ, ಆಮೇಲೆ ತಿಂದದ್ದು ನಿಲ್ಲುವುದಿಲ್ಲ. ರಕ್ತವೆಲ್ಲ ಸ್ನಾಯು, ಚರ್ಮದ ಕಡೆ ಹರಿದಿರುವಾಗ ಜೀರ್ಣಕ್ಕೆ ಸಿಗುವುದು ಅಲ್ಪ. ಮೊದಲ ಅರ್ಧ ಗಂಟೆಯಿಂದಲೇ ಗಂಟೆಗೆ 30ರಿಂದ 60 ಗ್ರಾಂ ಪಿಷ್ಟ-ಸಕ್ಕರೆ ಒಳಗೆ ಹೋಗಬೇಕು. ದೊಡ್ಡ ಪಚ್ಚಬಾಳೆಯಲ್ಲಿ 25–30 ಗ್ರಾಂ, 20 ಗ್ರಾಂ ಬೆಲ್ಲದ ಚೂರಿನಲ್ಲಿ 19 ಗ್ರಾಂ ಸಿಗುತ್ತದೆ. ಏಡ್ ಸ್ಟೇಷನ್‌ನ ಬೋಂಡ ಮಾತ್ರ ಬೇಡ. ಎಣ್ಣೆ ಪದಾರ್ಥ ಹೊಟ್ಟೆಯಲ್ಲೇ ಕೂರುತ್ತದೆ.

ನೀರು ಗಂಟೆಗೆ 400ರಿಂದ 800 ಮಿ.ಲೀ., ಬಾಯಾರಿಕೆ ನೋಡಿಕೊಂಡು. ಬೇಕಿಲ್ಲದಿದ್ದರೂ ಸುರಿದುಕೊಂಡರೆ ರಕ್ತದ ಸೋಡಿಯಂ ತೆಳುವಾಗುತ್ತದೆ. ಕೈಬೆರಳು ಊದಿ ಉಂಗುರ ಬಿಗಿಯುವುದು, ತಲೆನೋವು, ವಾಂತಿ, ಮಾತು ತಡವರಿಸುವುದು ಇದರ ಗುರುತು. ಆಗ ಸುಸ್ತೆಂದು ಇನ್ನಷ್ಟು ನೀರು ಕುಡಿಸುವುದು ಅಪಾಯ, ವೈದ್ಯರನ್ನು ಕರೆಯಿರಿ. ಓಆರ್‌ಎಸ್ ಒಯ್ಯುವುದಾದರೆ ಒಂದು ಲೀಟರಿನ ಪೊಟ್ಟಣವನ್ನು ಒಂದು ಲೀಟರಿಗೇ ಕಲಸಿ. ಅರ್ಧ ಲೀಟರಿನ ಬಾಟಲಿಗೆ ಪೂರ್ತಿ ಸುರಿದರೆ ಗಾಢವಾಗಿ ಹೊಟ್ಟೆ ಕೆಡುತ್ತದೆ.

ಮೊಣಕಾಲು ನೋವೆಂದು ಐಬುಪ್ರೊಫೇನ್, ಡೈಕ್ಲೊಫೆನಾಕ್ ನುಂಗಿ ಓಡಬೇಡಿ. ಅವು ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತವೆ, ಜಜ್ಜಿದ ಸ್ನಾಯುವಿನ ಕಸವನ್ನು ಸೋಸಬೇಕಾದದ್ದೂ ಅದೇ ಅಂಗ. ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ ಓಟ ಅಲ್ಲಿಗೇ ನಿಲ್ಲಿಸಿ ನೇರ ಆಸ್ಪತ್ರೆಗೆ.

ಪಾದದ ಮಾತು: ಬೆಳಗಿನ ಇಬ್ಬನಿಗೆ ತೋಟದ ಹುಲ್ಲು ಒದ್ದೆ, ಕಾಲ್ಚೀಲ ಹತ್ತೇ ನಿಮಿಷಕ್ಕೆ ನೆನೆಯುತ್ತದೆ. ಮೆದುವಾದ ಚರ್ಮ ಉಜ್ಜಿ ಬೊಬ್ಬೆ ಏಳುತ್ತದೆ. ಬೆರಳ ಸಂದಿಗೆ ವ್ಯಾಸಲೀನ್ ಹಚ್ಚಿ, ಸಂಘಟಕರು ನಡುದಾರಿಗೆ ಒಯ್ದಿಡುವ ನಿಮ್ಮ ಚೀಲದಲ್ಲಿ (ಡ್ರಾಪ್ ಬ್ಯಾಗ್) ಒಣ ಕಾಲ್ಚೀಲ ಇಡಿ. ಉಗುರನ್ನು ಮೂರ್ನಾಲ್ಕು ದಿನ ಮೊದಲೇ ಕತ್ತರಿಸಿ; ಇಳಿಜಾರಿನಲ್ಲಿ ಶೂ ಮೂತಿಗೆ ಬಡಿದು ಕಪ್ಪಾಗುವುದು ಉದ್ದ ಉಗುರೇ. ಇಂಬಳ ಹತ್ತಿದರೆ ಗಾಬರಿ ಬೇಡ, ಅದರ ಜೊಲ್ಲು ರಕ್ತ ಹೆಪ್ಪುಗಟ್ಟಲು ಬಿಡದ್ದರಿಂದ ಸೋರುವುದು ಜಾಸ್ತಿ ಕಾಣುತ್ತದೆ, ಅಷ್ಟೇ.

ಎಲ್ಲರೂ ಏರು ಓಡಿ ತಯಾರಾಗುತ್ತಾರೆ, ತೊಡೆ ಸೋಲುವುದು ಇಳಿತದಲ್ಲಿ. ವಾರಕ್ಕೊಮ್ಮೆ ಮುಳ್ಳಯ್ಯನಗಿರಿ ಕಡೆಯ ದಾರಿಯಲ್ಲಿ ಇಳಿಯುವುದನ್ನೇ ಅಭ್ಯಾಸ ಮಾಡಿ. ಆದರೆ ಆನೆ ಓಡಾಡುವ ತೋಟಗಳ ಕಡೆ, ಮೂಡಿಗೆರೆ, ಸಕಲೇಶಪುರ, ಆಲೂರು ಭಾಗದಲ್ಲಂತೂ, ಬೆಳಕು ಹರಿಯುವ ಮುನ್ನ ಒಬ್ಬರೇ ಹೊರಡಬೇಡಿ.

ಪ್ರಶ್ನೆ: ಫಲಿತಾಂಶ ಪಟ್ಟಿಯಲ್ಲಿ ‘ಡಿಎನ್‌ಎಫ್’ ಎಂದಿರುತ್ತದಲ್ಲ, ಅನರ್ಹ ಅಂತಲೇ?
– ಓದುಗರು, ಸಕಲೇಶಪುರ

ಉತ್ತರ: ಮುಗಿಸಲಿಲ್ಲ ಎಂದಷ್ಟೇ. ತಾವಾಗಿ ಬಿಟ್ಟವರಿಗೂ, ನಡುವಿನ ಗಡುವು ತಪ್ಪಿ ತಡೆದವರಿಗೂ ಅದೇ ಗುರುತು. ಹೊರಡಲೇ ಇಲ್ಲವೆಂದರೆ ‘ಡಿಎನ್‌ಎಸ್’, ನಿಯಮ ಮುರಿದರೆ ‘ಡಿಎಸ್‌ಕ್ಯೂ’. ಬ್ಯಾಕ್‌ಯಾರ್ಡ್ ಅಲ್ಟ್ರಾ ಎಂಬ ಬಗೆಯಲ್ಲಿ ಪ್ರತಿ ಗಂಟೆಗೂ 6.7 ಕಿ.ಮೀ.ಯ ಒಂದು ಸುತ್ತು, ಒಬ್ಬರೇ ಉಳಿಯುವ ತನಕ. ಅಲ್ಲಿ ಆ ಒಬ್ಬರನ್ನು ಬಿಟ್ಟು, 24 ತಾಸಿನಲ್ಲಿ 161 ಕಿ.ಮೀ. ಓಡಿದವರೂ ಸೇರಿ ಎಲ್ಲರೂ ಡಿಎನ್‌ಎಫ್!