ಟಿಕ್ ಟಿಕ್ ಸದ್ದು ಬಂತಾ? ಮೊದಲು ವೈರ್ ತೆಗೆಯಿರಿ

ದಾವಣಗೆರೆ, ಚಿತ್ರದುರ್ಗ ಕಡೆಯಿಂದ ಈ ಸಲ ಬಂದ ಪ್ರಶ್ನೆಗಳಲ್ಲಿ ಜಾಸ್ತಿ ಹಾರ್ಡ್ ಡಿಸ್ಕಿನವೇ. ಮೊದಲನೆಯದು ತುಂಬಾ ತುರ್ತಿನದು. ಅದಕ್ಕೇ ಅದರ ಉತ್ತರ ಉದ್ದವಾಗಿದೆ.

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮದೊಂದು ಸಣ್ಣ ಫೋಟೊ ಸ್ಟುಡಿಯೊ. 2 ಟಿಬಿಯ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ ಫೋಟೊ ಕಾಪಿ ಆಗುತ್ತಿರುವಾಗಲೇ ವೈರಿಗೆ ಕಾಲು ತಾಗಿ ಅದು ಟೇಬಲ್ಲಿನಿಂದ ಬಿತ್ತು. ಈಗ ಹಾಕಿದರೆ ಟಿಕ್ ಟಿಕ್ ಅನ್ನುತ್ತದೆ, ಕಂಪ್ಯೂಟರಿನಲ್ಲಿ ಕಾಣಿಸುವುದಿಲ್ಲ. ಈ ಸೀಸನ್ನಿನ ಆರು ಮದುವೆಗಳ ಫೋಟೊ ಅದರಲ್ಲಿವೆ. ಬಿಚ್ಚಿ ಬೇರೆ ಕೇಸಿಗೆ ಹಾಕು ಅಂತ ಒಬ್ಬರು, ಫ್ರಿಜ್ಜಿನಲ್ಲಿ ಇಡು ಅಂತ ಇನ್ನೊಬ್ಬರು ಹೇಳುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಇದನ್ನು ಓದುವಾಗ ಡಿಸ್ಕ್ ಇನ್ನೂ ಕಂಪ್ಯೂಟರಿಗೆ ಸಿಕ್ಕಿಸಿದ್ದರೆ ಮೊದಲು ಎದ್ದು ಹೋಗಿ ವೈರ್ ತೆಗೆದು ಬನ್ನಿ. ಇನ್ನೊಂದು ಸಲ ನೋಡೋಣ ಅಂತ ಹಾಕಲೇಬೇಡಿ. ಬಿದ್ದಾಗ ಹಾಳಾದದ್ದಕ್ಕಿಂತ ಬಿದ್ದ ಮೇಲೆ ಹತ್ತು ಸಲ ಹಾಕಿ ತೆಗೆದು ನೋಡಿದ್ದರಿಂದ ಹಾಳಾದ ಡಿಸ್ಕುಗಳನ್ನೇ ನಾನು ಜಾಸ್ತಿ ನೋಡಿದ್ದೇನೆ.

ಯಾಕೆ ಅಂತ ಹೇಳುತ್ತೇನೆ. ಒಳಗೆ ಕನ್ನಡಿಯಂತೆ ಹೊಳೆಯುವ ಬಿಲ್ಲೆಗಳಿರುತ್ತವೆ. ನಿಮ್ಮಂಥ ಪೋರ್ಟಬಲ್ ಡಿಸ್ಕುಗಳಲ್ಲಿ ಅವು ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ಸುತ್ತುತ್ತವೆ, ಅಂದರೆ ಸೆಕೆಂಡಿಗೆ 90 ಸುತ್ತು. ಓದುವ ಹೆಡ್ಡು ಬಿಲ್ಲೆಯನ್ನು ಮುಟ್ಟುವುದಿಲ್ಲ. ಕೆಲವೇ ನ್ಯಾನೊಮೀಟರ್ ಮೇಲೆ, ಗಾಳಿಯ ಪದರದ ಮೇಲೆ ತೇಲುತ್ತಿರುತ್ತದೆ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಒಂದು ನ್ಯಾನೊಮೀಟರ್. ನಮ್ಮೂರಿನ ಮಂಡಕ್ಕಿ ಭಟ್ಟಿಯ ಹೊಗೆ ಗೊತ್ತಲ್ವಾ? ಆ ಹೊಗೆಯ ಒಂದೇ ಒಂದು ಕಣ ಕೂಡ ಈ ಸಂದಿಗಿಂತ ಎಷ್ಟೋ ದೊಡ್ಡದು.

ಡಿಸ್ಕ್ ಆಫ್ ಇದ್ದಾಗ ಹೆಡ್ಡು ಬಿಲ್ಲೆಯಿಂದ ಪಕ್ಕಕ್ಕೆ ಸರಿದು ತನ್ನ ಜಾಗದಲ್ಲಿ ಕೂತಿರುತ್ತದೆ. ಆಗ ಬಿದ್ದರೆ ಎಷ್ಟೋ ಸಲ ಏನೂ ಆಗುವುದಿಲ್ಲ. ನಿಮ್ಮದು ಬರೆಯುತ್ತಿರುವಾಗಲೇ ಬಿದ್ದಿದೆ. ಹೆಡ್ಡು ಬಿಲ್ಲೆಗೆ ಬಡಿದಿರುವ ಸಾಧ್ಯತೆ ಜಾಸ್ತಿ. ಟಿಕ್ ಅನ್ನುವುದು ಹೆಡ್ಡು ತನ್ನ ಗುರುತಿನ ಜಾಗ ಹುಡುಕಿ, ಸಿಗದೆ ವಾಪಸ್ ಬಂದು, ಮತ್ತೆ ಹೋಗುವ ಸದ್ದು. ಹೆಡ್ಡು ಮುರಿದೋ ಬಗ್ಗಿಯೋ ಇದ್ದರೆ ಪ್ರತಿ ಸುತ್ತಿನಲ್ಲೂ ಬಿಲ್ಲೆಯನ್ನು ಕೆರೆಯುತ್ತದೆ. ನಿಮ್ಮ ಫೋಟೊ ಇರುವುದು ಆ ಬಿಲ್ಲೆಯ ಮೇಲಿನ ತೆಳು ಕಾಂತದ ಲೇಪದಲ್ಲಿ. ಅದು ಕೆರೆದು ಪುಡಿಯಾದರೆ ಪ್ರಪಂಚದ ಯಾವ ಲ್ಯಾಬಿನವರೂ ವಾಪಸ್ ತರಲಾರರು.

ಬೇರೆ ಕೇಸಿಗೆ ಹಾಕುವ ಮಾತು ಬಿಡಿ. ಈಗಿನ ಎಷ್ಟೋ ಪೋರ್ಟಬಲ್ ಡಿಸ್ಕುಗಳಲ್ಲಿ ಯುಎಸ್‌ಬಿ ಪಿನ್ ಡಿಸ್ಕಿನ ಸರ್ಕ್ಯೂಟ್ ಬೋರ್ಡಿಗೇ ಬೆಸುಗೆ ಆಗಿರುತ್ತದೆ, ಬೇರೆ ಕೇಸಿಗೆ ಕೂರುವುದೇ ಇಲ್ಲ. ಇನ್ನು ಕೆಲವು, ಬರೆಯುವಾಗಲೇ ಎಲ್ಲವನ್ನೂ ಎನ್‌ಕ್ರಿಪ್ಟ್ ಮಾಡಿ, ಅಂದರೆ ಗುಟ್ಟಿನ ಸಂಕೇತಕ್ಕೆ ತಿರುಗಿಸಿ ಇಡುತ್ತವೆ. ಆ ಬೋರ್ಡ್ ಬಿಟ್ಟು ಬೇರೆ ಕಡೆ ಓದಿದರೆ ಅರ್ಥವಿಲ್ಲದ ರಾಶಿ ಸಿಗುತ್ತದೆ, ಅಷ್ಟೇ.

ಫ್ರಿಜ್ಜಿನ ಮಾತಂತೂ ಕೇಳಲೇಬೇಡಿ. ತಣ್ಣಗಾದ ಡಿಸ್ಕನ್ನು ನಮ್ಮ ಬಿಸಿಲಿನ ಊರಿನಲ್ಲಿ ಹೊರಗೆ ತೆಗೆದರೆ ಮಜ್ಜಿಗೆ ಲೋಟದ ಹೊರಗೆ ನೀರು ಕೂರುವ ಹಾಗೆ ಡಿಸ್ಕಿಗೂ ತೇವ ಹಿಡಿಯುತ್ತದೆ. ಬಿಲ್ಲೆಯ ಮೇಲೆ ತೇವ ಕೂತರೆ ಹೆಡ್ಡಿನ ಕಥೆ ಮುಗಿಯಿತು.

ಹಾಗಾದರೆ ದಾರಿ ಏನು? ಹೆಡ್ಡು ಬದಲಿಸಬೇಕು. ಅದೇ ಮಾಡೆಲಿನ, ಒಳಗಿನ ಜೋಡಣೆಯೂ ಹೊಂದುವ ಇನ್ನೊಂದು ಡಿಸ್ಕ್ ತಂದು, ಅದರ ಹೆಡ್ಡುಗಳನ್ನು ನಿಮ್ಮದಕ್ಕೆ ಹಾಕಿ, ಅದು ನಡೆದಷ್ಟು ಹೊತ್ತಿನಲ್ಲಿ ಎಲ್ಲವನ್ನೂ ಪ್ರತಿ ಮಾಡಿಕೊಳ್ಳುತ್ತಾರೆ. ಧೂಳಿಲ್ಲದ ಕ್ಲೀನ್ ರೂಮಿನಲ್ಲಿ ಮಾಡುವ ಕೆಲಸ ಇದು. ಅಂಗಡಿಯ ಟೇಬಲ್ಲಿನ ಮೇಲೆ ಯಾರಾದರೂ ಮುಚ್ಚಳ ತೆಗೆಯುತ್ತೇನೆ ಅಂದರೆ ದಯವಿಟ್ಟು ಕೊಡಬೇಡಿ. ಬೆಂಗಳೂರಿನಲ್ಲಿ ಈ ಕೆಲಸ ಮಾಡುವವರಿದ್ದಾರೆ. ಖರ್ಚು ಹತ್ತಾರು ಸಾವಿರದ ಮಾತು, ಎಲ್ಲವೂ ಸಿಕ್ಕೇ ಸಿಗುತ್ತದೆ ಅನ್ನುವ ಖಾತ್ರಿಯೂ ಇಲ್ಲ.

ಆದ್ದರಿಂದ ದುಡ್ಡು ಕೊಡುವ ಮೊದಲು ಒಂದು ದಿನ ಕೂತು ಹುಡುಕಿ. ನೀವು ಕಾಪಿ ಮಾಡುತ್ತಿದ್ದಿರಿ ಅಂದರೆ ಎಲ್ಲಿಂದಲೋ ಮಾಡುತ್ತಿದ್ದಿರಿ. ಆ ಕೊನೆಯ ಮದುವೆ ಅಲ್ಲೇ ಇರಬೇಕು. ಕ್ಯಾಮೆರಾದ ಕಾರ್ಡುಗಳನ್ನೆಲ್ಲ ಇವತ್ತೇ ಪಕ್ಕಕ್ಕೆ ಇಡಿ, ಹೊಸ ಕೆಲಸಕ್ಕೆ ಹೊಸ ಕಾರ್ಡ್ ಕೊಳ್ಳಿ. ಕ್ಯಾಮೆರಾದಲ್ಲಿ ಫಾರ್ಮ್ಯಾಟ್ ಮಾಡಿದಾಗ ಸಾಮಾನ್ಯವಾಗಿ ಫೈಲಿನ ಪಟ್ಟಿ ಮಾತ್ರ ಅಳಿಯುತ್ತದೆ. ಅದರ ಮೇಲೆ ಹೊಸದು ಬೀಳದಿದ್ದರೆ ಹಳೇ ಫೋಟೊಗಳು ಹಾಗೇ ಕೂತಿರುತ್ತವೆ. ಫೋಟೊರೆಕ್ ಅನ್ನುವ ಉಚಿತ ತಂತ್ರಾಂಶ ಅವನ್ನು ಎತ್ತಿಕೊಡುತ್ತದೆ, ಜೆಪೆಗ್ ಮಾತ್ರವಲ್ಲ, ಕ್ಯಾನನ್, ನಿಕಾನ್ ಕ್ಯಾಮೆರಾಗಳ ರಾ ಫೈಲುಗಳನ್ನೂ. ಆಲ್ಬಂ ಪ್ರಿಂಟಿಗೆ ಕಳಿಸಿದ್ದರೆ ಲ್ಯಾಬಿನವರ ಹತ್ತಿರ ಪುಟಗಳಿರಬಹುದು. ವಿಡಿಯೊ ಎಡಿಟ್ ಮಾಡುವ ಹುಡುಗನ ಕಂಪ್ಯೂಟರ್, ಮದುವೆ ಮನೆಯವರಿಗೆ ಕೊಟ್ಟ ಪೆನ್ ಡ್ರೈವ್, ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿದ ಫೋಟೊ, ಎಲ್ಲ ನೋಡಿ. ಆರರಲ್ಲಿ ನಾಲ್ಕು ಮದುವೆ ಹೀಗೇ ಸಿಕ್ಕರೂ ಲ್ಯಾಬಿಗೆ ಹೋಗುವಾಗ ನಿಮ್ಮ ಮನಸ್ಸು ಎಷ್ಟೋ ಹಗುರ ಇರುತ್ತದೆ.

ಮದುವೆ ಮನೆಯವರಿಗೆ ವಿಷಯ ಮುಚ್ಚಿಡಬೇಡಿ. ಅವರ ನೆಂಟರ ಫೋನುಗಳಲ್ಲಿ ನೀವು ತೆಗೆದ ಹೊತ್ತಿನವೇ ನೂರಾರು ಫೋಟೊ ಇರುತ್ತವೆ. ಬೇಗ ಕೇಳಿದರೆ ಸಿಗುತ್ತವೆ, ಆರು ತಿಂಗಳು ಬಿಟ್ಟರೆ ಅವರೂ ಅಳಿಸಿರುತ್ತಾರೆ.

ಪ್ರಶ್ನೆ: ಚನ್ನಗಿರಿಯಲ್ಲಿ ನಮ್ಮದು ಅಡಿಕೆ ವ್ಯಾಪಾರ. ಕಂಪ್ಯೂಟರ್ ನಿಧಾನ ಅಂತ ರಿಪೇರಿಗೆ ಕೊಟ್ಟರೆ ಫಾರ್ಮ್ಯಾಟ್ ಮಾಡಿ ಹೊಸ ವಿಂಡೋಸ್ ಹಾಕಿ ಕೊಟ್ಟರು. ಸಿ ಡ್ರೈವಿನಲ್ಲಿದ್ದ ಟ್ಯಾಲಿ ಲೆಕ್ಕ ಹೋಗಿದೆ. ಸಿಗುತ್ತದಾ?

ಉತ್ತರ: ಒಂದು ವಿಷಯದ ಮೇಲೆ ನಿಂತಿದೆ. ನಿಮ್ಮದು ತಿರುಗುವ ಹಾರ್ಡ್ ಡಿಸ್ಕೋ, ತಿರುಗುವ ಭಾಗವೇ ಇಲ್ಲದೆ ಚಿಪ್ಪಿನಲ್ಲೇ ಎಲ್ಲ ಇಡುವ ಎಸ್ಎಸ್‌ಡಿಯೋ? ಎಸ್ಎಸ್‌ಡಿ ಆಗಿದ್ದರೆ ಆಸೆ ತೀರಾ ಕಡಿಮೆ. ಫಾರ್ಮ್ಯಾಟ್ ಮಾಡಿದಾಗ ವಿಂಡೋಸ್ ಅದಕ್ಕೆ ಟ್ರಿಮ್ ಅನ್ನುವ ಸೂಚನೆ ಕಳಿಸುತ್ತದೆ, ‘ಈ ಜಾಗ ಇನ್ನು ಬೇಡ’ ಅಂತ. ಎಸ್ಎಸ್‌ಡಿ ಆ ಜಾಗವನ್ನು ತಾನಾಗಿಯೇ ಖಾಲಿ ಮಾಡಿಬಿಡುತ್ತದೆ.

ಹಾರ್ಡ್ ಡಿಸ್ಕ್ ಆಗಿದ್ದರೆ ಕಂಪ್ಯೂಟರ್ ಈಗಲೇ ಆಫ್ ಮಾಡಿ. ಹೊಸ ವಿಂಡೋಸ್ ಈಗಾಗಲೇ ಎಷ್ಟೋ ಜಿಬಿ ಜಾಗದ ಮೇಲೆ ಬರೆದಿದೆ. ನೀವು ಸುಮ್ನೆ ಆನ್ ಮಾಡಿಟ್ಟರೂ ಅಪ್‌ಡೇಟ್ ಅಂತ ಇನ್ನಷ್ಟು ಬರೆಯುತ್ತದೆ. ಒಂದರ ಮೇಲೆ ಇನ್ನೊಂದು ಬರೆದುಬಿಟ್ಟರೆ ಕೆಳಗಿನದು ಹೋಯಿತು, ಅದನ್ನು ತೆಗೆಯುವ ವಿದ್ಯೆ ಯಾರಿಗೂ ಇಲ್ಲ. ಫೈಲ್ ಹುಡುಕುವ ತಂತ್ರಾಂಶವನ್ನು ಅದೇ ಡಿಸ್ಕಿಗೆ ಇನ್‌ಸ್ಟಾಲ್ ಮಾಡುವುದೂ ಅದೇ ತಪ್ಪು. ಡಿಸ್ಕ್ ಬಿಚ್ಚಿಸಿ, ಬೇರೆ ಕಂಪ್ಯೂಟರಿಗೆ ಎರಡನೇ ಡಿಸ್ಕಾಗಿ ಹಾಕಿಸಿ, ಸಿಕ್ಕಿದ್ದನ್ನು ಮೂರನೇ ಕಡೆಗೆ ಉಳಿಸಬೇಕು.

ಟ್ಯಾಲಿಯಲ್ಲಿ ಇನ್ನೊಂದು ತೊಡಕಿದೆ. ಅಲ್ಲಿ ಒಂದು ಕಂಪನಿ ಅಂದರೆ ಒಂದು ಫೈಲಲ್ಲ. 10000 ಅನ್ನುವಂಥ ಅಂಕಿಯ ಹೆಸರಿನ ಒಂದು ಫೋಲ್ಡರ್, ಅದರೊಳಗೆ ಹಲವು ಫೈಲು. ಎಲ್ಲ ಹೆಸರಿನ ಸಮೇತ ಒಟ್ಟಿಗೆ ಸಿಕ್ಕರೆ ಮಾತ್ರ ಲೆಕ್ಕ ತೆರೆಯುತ್ತದೆ. ಹಾಗಾಗಿ ಫೋಟೊ ಎತ್ತಿದ ಹಾಗೆ ಚೂರು ಚೂರು ಎತ್ತಿದರೆ ಸಾಲದು. ಹಳೇ ಫೈಲ್ ಪಟ್ಟಿಯನ್ನೇ ಓದಿ ಫೋಲ್ಡರ್ ಸಮೇತ ತೆಗೆಯುವ ಆರ್‌-ಸ್ಟುಡಿಯೊದಂಥ ತಂತ್ರಾಂಶ ಬೇಕು. ಡಿಸ್ಕ್ ಕೊಡುವಾಗ ‘ಡೇಟಾ ಫೋಲ್ಡರ್ ಹಾಗೇ ಬೇಕು’ ಅಂತ ಬಾಯಿಬಿಟ್ಟು ಹೇಳಿ.

ಸಿಗದಿದ್ದರೂ ಕೈ ಚೆಲ್ಲಬೇಡಿ. ನೀವು ಸಲ್ಲಿಸಿದ ಜಿಎಸ್‌ಟಿ ರಿಟರ್ನ್ ಪೋರ್ಟಲಿನಲ್ಲಿ ಇರುತ್ತದೆ. ವ್ಯಾಪಾರಿಗಳಿಗೆ ಮಾಡಿದ ಮಾರಾಟದ ಬಿಲ್ಲುಗಳ ವಿವರ ಅಲ್ಲಿಂದ ಬರುತ್ತದೆ. ಬ್ಯಾಂಕ್ ಸ್ಟೇಟ್‌ಮೆಂಟ್ ಇದೆ. ಆಡಿಟರ್ ಹತ್ತಿರ ಕಳೆದ ವರ್ಷದ ಬ್ಯಾಕಪ್ ಇರುವುದು ಮಾಮೂಲು, ಇವತ್ತೇ ಫೋನ್ ಮಾಡಿ. ರೈತರಿಂದ ಕೊಂಡ ಚೀಟಿ ಪುಸ್ತಕಗಳನ್ನು ಒಂದು ಕಡೆ ತೆಗೆದಿಡಿ, ಪೋರ್ಟಲಿನಲ್ಲಿ ಸಿಗದ ಲೆಕ್ಕಕ್ಕೆ ಅವೇ ಆಧಾರ.

ಪ್ರಶ್ನೆ: ಚಳ್ಳಕೆರೆಯ ನಮ್ಮ ಎಣ್ಣೆ ಮಿಲ್ಲಿನಲ್ಲಿ ವೋಲ್ಟೇಜ್ ಏರಿ ಕಂಪ್ಯೂಟರ್ ಸುಟ್ಟಿತು. ಡಿಸ್ಕ್ ತಿರುಗುವುದೇ ಇಲ್ಲ. ಅದೇ ಮಾಡೆಲಿನ ಬೋರ್ಡ್ ತಂದು ಹಾಕಿದರೆ ಸಾಕಾ?

ಉತ್ತರ: ಹಳೇ ಕಾಲದ ಡಿಸ್ಕಿಗೆ ಸಾಕಾಗುತ್ತಿತ್ತು. ಈಗಿನ ಬೋರ್ಡಿನಲ್ಲಿ ಆ ಒಂದೇ ಡಿಸ್ಕಿಗೆ ಹೊಂದಿಸಿದ ವಿವರ ಬರೆದ ಒಂದು ಪುಟ್ಟ ಚಿಪ್ ಇರುತ್ತದೆ. ಅದನ್ನು ಹಳೇ ಬೋರ್ಡಿನಿಂದ ತೆಗೆದು ಹೊಸದಕ್ಕೆ ಬೆಸೆಯಬೇಕು. ಮೊಬೈಲ್ ಬೋರ್ಡ್ ಕೆಲಸ ಬಲ್ಲ ಕೈಗಳಿಗೆ ಇದು ಆಗುತ್ತದೆ. ಸುಟ್ಟ ಬೋರ್ಡನ್ನು ಮಾತ್ರ ಎಸೆಯಬೇಡಿ. ಸಂತೋಷದ ವಿಷಯ ಅಂದರೆ, ಬೋರ್ಡ್ ಮಾತ್ರ ಸುಟ್ಟಿದ್ದರೆ ಬಿಲ್ಲೆಗಳು ಹಾಗೇ ಇರುತ್ತವೆ. ನಿಮ್ಮ ಫೈಲ್ ಸಿಗುವ ಅವಕಾಶ ಚೆನ್ನಾಗಿದೆ.

ಪ್ರಶ್ನೆ: ನಾನು ಚಿತ್ರದುರ್ಗದ ನಿವೃತ್ತ ಶಿಕ್ಷಕ. ಕೋಟೆ, ಸುತ್ತಲಿನ ಶಾಸನ, ನಮ್ಮ ಕಡೆಯ ಜನಪದ ಹಾಡುಗಳ ಬಗ್ಗೆ ಹದಿನೈದು ವರ್ಷ ನುಡಿ ಅನ್ನುವ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಟಿಪ್ಪಣಿಗಳಿವೆ. ಈಚೆಗೆ ಡಿಸ್ಕ್ ತೆರೆಯಲು ತುಂಬಾ ಹೊತ್ತು ಹಿಡಿಯುತ್ತದೆ, ಕಾಪಿ ಮಧ್ಯೆ ನಿಲ್ಲುತ್ತದೆ. ನಿನ್ನೆ ‘ಫಾರ್ಮ್ಯಾಟ್ ಮಾಡಿ’ ಅಂತ ಸಂದೇಶ ಬಂತು. ಹುಡುಗನೊಬ್ಬ ಸ್ವಲ್ಪ ಫೈಲ್ ತೆಗೆದುಕೊಟ್ಟ. ಆದರೆ ಹೆಸರಿಲ್ಲ, ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ.

ಉತ್ತರ: ಮೇಷ್ಟ್ರೇ, ನಿಮ್ಮ ಪತ್ರ ಎರಡು ಸಲ ಓದಿದೆ. ಇಂಥ ಕೆಲಸ ಕಳೆದುಹೋಗಬಾರದು. ಮೊದಲು ಸಮಾಧಾನದ ಮಾತು: ಆ ಕಲಸುಮೇಲೋಗರ ಹಾಳಾದ ಫೈಲ್ ಅಲ್ಲದಿರಬಹುದು. ಹಳೇ ನುಡಿ ಯೂನಿಕೋಡ್ (ಕನ್ನಡ ಅಕ್ಷರಗಳಿಗೆ ಅವುಗಳದೇ ಸಂಕೇತ ಇರುವ ಈಗಿನ ಪದ್ಧತಿ) ಅಲ್ಲ. ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಜಾಗದಲ್ಲೇ ಕನ್ನಡದ ಆಕಾರ ಕೂರಿಸಿದ್ದ ಫಾಂಟ್ ಅದು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಒಳಗಿನ ಇಂಗ್ಲಿಷ್ ಅಕ್ಷರವೇ ಕಾಣುತ್ತದೆ. ಹಳೇ ನುಡಿ ಫಾಂಟುಗಳನ್ನು ಹಾಕಿ, ಪಠ್ಯವನ್ನೆಲ್ಲ ಆಯ್ದು ಆ ಫಾಂಟ್ ಕೊಟ್ಟು ನೋಡಿ. ನಿಮ್ಮ ಸಾಲುಗಳು ಹಾಗೇ ಎದ್ದು ಬರಬಹುದು.

ಹೆಸರಿಲ್ಲದ ಸಾವಿರ ಫೈಲಿನಲ್ಲಿ ಬೇಕಾದ್ದನ್ನು ಹುಡುಕಲು ಒಂದು ಉಪಾಯ ಇದೆ. ಈಗಿನ ಕೀಬೋರ್ಡಿನಲ್ಲಿ ‘ಶಾಸನ’ ಅಂತ ಹೊಡೆದು ಹುಡುಕಿದರೆ ಏನೂ ಸಿಗುವುದಿಲ್ಲ, ಯಾಕೆಂದರೆ ಅದು ಯೂನಿಕೋಡ್. ಆ ಪದವನ್ನು ಹಳೇ ನುಡಿಯಲ್ಲೇ ಟೈಪ್ ಮಾಡಿ, ಅದನ್ನು ಕಾಪಿ ಮಾಡಿ ಹುಡುಕುವ ಜಾಗಕ್ಕೆ ಹಾಕಿ. ಅಲ್ಲಿ ಕಾಣುವುದು ಕಲಸುಮೇಲೋಗರವೇ. ಹುಡುಕಾಟ ನಡೆಯುವುದು ಮಾತ್ರ ಅದರಿಂದಲೇ.

ಇನ್ನು ಡಿಸ್ಕಿನ ವಿಷಯ. ‘ಫಾರ್ಮ್ಯಾಟ್’ ಒತ್ತಬೇಡಿ. ವಿಂಡೋಸಿನ ಚೆಕ್ ಡಿಸ್ಕ್ ಕೂಡ ಓಡಿಸಬೇಡಿ. ಅದು ಡಿಸ್ಕನ್ನು ಸರಿಮಾಡಲು ಬಂದದ್ದು, ನಿಮ್ಮ ಫೈಲ್ ಉಳಿಸಲು ಅಲ್ಲ. ಈ ಕೆಲಸ ಕಲಿಯುತ್ತಿದ್ದಾಗ ಒಬ್ಬರ ಸಾಯುತ್ತಿದ್ದ ಡಿಸ್ಕಿನ ಮೇಲೆ ನಾನು ಅದನ್ನು ಓಡಿಸಿದೆ. ಫೋಲ್ಡರುಗಳು ಹೋಗಿ ಹೆಸರಿಲ್ಲದ ತುಂಡುಗಳು ಉಳಿದವು. ಅವರು ಬೈಯಲಿಲ್ಲ, ಸುಮ್ಮನೆ ಡಿಸ್ಕ್ ತೆಗೆದುಕೊಂಡು ಹೋದರು. ಅದು ಇವತ್ತಿಗೂ ನೋಯುತ್ತದೆ.

ನಿಧಾನ ಆಗುವುದು ಕೆಟ್ಟ ಸೆಕ್ಟರಿನ ಲಕ್ಷಣ. ಓದಲಾಗದ ಜಾಗ ಸಿಕ್ಕಾಗ ಡಿಸ್ಕ್ ಮತ್ತೆ ಮತ್ತೆ ಅಲ್ಲೇ ಪ್ರಯತ್ನಿಸುತ್ತದೆ, ಅಲ್ಲೇ ಸವೆಯುತ್ತದೆ. ಹೀಗಾಗಿ ಒಂದೊಂದೇ ಫೈಲ್ ಎಳೆಯುವುದು ಬೇಡ. ಮೊದಲು ಇಡೀ ಡಿಸ್ಕಿನ ಪ್ರತಿ ತೆಗೆಯಬೇಕು. ವಿಂಡೋಸಿನ ಬದಲು ಬಳಸುವ ಲಿನಕ್ಸಿನಲ್ಲಿ ಓಡುವ ಡಿಡಿರೆಸ್ಕ್ಯೂ ಅನ್ನುವ ತಂತ್ರಾಂಶ ಇದಕ್ಕೇ ಇದೆ. ಅದು ಸುಲಭವಾಗಿ ಓದಲು ಬರುವ ಜಾಗವನ್ನೆಲ್ಲ ಮೊದಲು ಎತ್ತಿಕೊಂಡು, ಕೆಟ್ಟ ಜಾಗ ಬಿಟ್ಟು ಮುಂದೆ ಹೋಗಿ, ಕೊನೆಗೆ ಅಲ್ಲಿಗೆ ವಾಪಸ್ ಬರುತ್ತದೆ. ಎಲ್ಲಿಯವರೆಗೆ ಆಯಿತು ಅಂತ ಒಂದು ಕಡತದಲ್ಲಿ ಬರೆದುಕೊಳ್ಳುತ್ತದೆ. ಕರೆಂಟ್ ಹೋದರೂ ಬಿಟ್ಟಲ್ಲಿಂದ ಶುರು ಮಾಡಬಹುದು. ಎರಡು ದಿನ ಹಿಡಿದರೂ ಹಿಡಿಯಲಿ. ಮಾಡುವವರು ಯಾವುದು ಹಳೇದು, ಯಾವುದು ಹೊಸದು ಅಂತ ಎರಡು ಸಲ ನೋಡಿಕೊಳ್ಳಬೇಕು. ಅದಲು ಬದಲಾದರೆ ನಿಮ್ಮ ಡಿಸ್ಕಿನ ಮೇಲೆ ಖಾಲಿ ಡಿಸ್ಕ್ ಬರೆದುಹೋಗುತ್ತದೆ.

ಆಮೇಲೆ ನಡೆಯುವ ಎಲ್ಲ ಕೆಲಸವೂ ಪ್ರತಿಯ ಮೇಲೆ. ಅಲ್ಲಿ ಟೆಸ್ಟ್‌ಡಿಸ್ಕ್ ಅನ್ನುವ ತಂತ್ರಾಂಶ ಓಡಿಸಿದರೆ ಫೋಲ್ಡರ್, ಹೆಸರು ಸಮೇತ ಸಿಗುವ ಸಾಧ್ಯತೆ ಇದೆ. ಹುಡುಗ ಬಹುಶಃ ಫೋಟೊರೆಕ್ ಬಳಸಿರಬೇಕು. ಅದು ಫೈಲಿನ ತಲೆ ಗುರುತು ನೋಡಿ ಎತ್ತುತ್ತದೆ, ಹೆಸರು ಅದಕ್ಕೆ ಗೊತ್ತಾಗುವುದಿಲ್ಲ. ಅವನ ತಪ್ಪಲ್ಲ, ಆದರೆ ಅದು ಕೊನೆಯ ಉಪಾಯ ಆಗಬೇಕಿತ್ತು.

ಪ್ರಶ್ನೆ: ಹರಿಹರದಿಂದ. ಡಿಸ್ಕ್ ರಿಕವರಿಗೆ ಕೊಡುವಾಗ ಏನು ಕೇಳಬೇಕು?

ಉತ್ತರ: ‘ಮೊದಲು ಪ್ರತಿ ತೆಗೆದು ಅದರ ಮೇಲೆ ಕೆಲಸ ಮಾಡುತ್ತೀರಾ?’ ಅಂತ ಕೇಳಿ. ಹೌದು ಅನ್ನದಿದ್ದರೆ ಡಿಸ್ಕ್ ವಾಪಸ್ ತನ್ನಿ. ಸಿಕ್ಕ ಫೈಲಿನ ಪಟ್ಟಿ ತೋರಿಸಿದ ಮೇಲೆ ದುಡ್ಡು ಅನ್ನುವ ಮಾತು ಮೊದಲೇ ಆಗಲಿ. ಹೆಡ್ಡು ಬದಲಿಸುವ ಕೆಲಸವಾದರೆ ಬಿಡಿಭಾಗದ ಡಿಸ್ಕಿಗೆ ಮುಂಗಡ ಕೇಳುತ್ತಾರೆ, ಅದು ನ್ಯಾಯವೇ. ಬಿಟ್‌ಲಾಕರ್ (ವಿಂಡೋಸಿನ ಡಿಸ್ಕ್ ಬೀಗ) ಹಾಕಿದ ಲ್ಯಾಪ್‌ಟಾಪ್ ಆದರೆ 48 ಅಂಕಿಯ ಕೀ ಇಲ್ಲದೆ ಯಾರೂ ಏನೂ ಮಾಡಲಾರರು. ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಅದು ಇದೆಯಾ ಅಂತ ಹೋಗುವ ಮೊದಲೇ ನೋಡಿ. ಬೆಂಗಳೂರಿಗೆ ಒಯ್ಯುವುದಾದರೆ ಬಬಲ್ ಕವರಿನಲ್ಲಿ ದಪ್ಪಗೆ ಸುತ್ತಿ, ರೈಲಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹೋಗಿ. ಕೊಡುವ ಮುಂಚೆ ಡಿಸ್ಕಿನ ಮೇಲಿರುವ ಸೀರಿಯಲ್ ನಂಬರಿನ ಫೋಟೊ ತೆಗೆದುಕೊಳ್ಳಿ, ರಸೀದಿಯಲ್ಲೂ ಅದೇ ನಂಬರ್ ಬರೆಸಿ.